ಬೇಸ್‌ಮೆಂಟಿನ ಪರ್ವತಾರೋಹಿ: ಹೈಲಕ್ಸ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ನಲವತ್ತು ಲಕ್ಷದ ಆಸುಪಾಸಿನ ಪಿಕಪ್ ಕೊಳ್ಳಬೇಕೋ ಬೇಡವೋ ಎಂದು ನಿದ್ದೆಗೆಟ್ಟವರು ಸಾಮಾನ್ಯವಾಗಿ ಮೂವರನ್ನು ಕೇಳುತ್ತಾರೆ: ಶೋರೂಮಿನ ಸೇಲ್ಸ್‌ನವರನ್ನು, ಆಗಲೇ ಕೊಂಡು ಕೂತವರನ್ನು, ಯೂಟ್ಯೂಬಿನವರನ್ನು. ಮೂವರದೂ ಒಂದೇ ಉತ್ತರ: ‘ತಗೊಂಡುಬಿಡಿ.’ ಮೊದಲನೆಯವರಿಗೆ ಇನ್ಸೆಂಟಿವ್ ಬೇಕು, ಎರಡನೆಯವರಿಗೆ ಜೊತೆ ಬೇಕು, ಮೂರನೆಯವರಿಗೆ ವ್ಯೂಸ್ ಬೇಕು. ಗಾಡಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಕೊರತೆ ನೀಗಿಸಲು ಬೆಂಗಳೂರಿನ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿಗೆ ಇಳಿದು, ಅಲ್ಲಿ ವಾಸವಾಗಿರುವ ಟೊಯೋಟಾ ಹೈಲಕ್ಸ್ ಪಿಕಪ್ಪನ್ನು ಮಾತಾಡಿಸಿದೆವು.

ನಮಸ್ಕಾರ. ಮೊದಲು ನಿಮ್ಮ ಮನೆತನದ ಪರಿಚಯ ಆಗಲಿ.

ಮೂಲ ಜಪಾನು. ನಮ್ಮ ವಂಶದ ಮೂಲಪುರುಷ ಹುಟ್ಟಿದ್ದು 1968ರಲ್ಲಿ. ನಾನು ಮಾತ್ರ ಬಿಡದಿಯವನು. ತಟ್ಟೆ ಇಡ್ಲಿಯ ಹಬೆ ಕುಡಿದೇ ಬೆಳೆದದ್ದು. ಇನ್ನೋವಾ ಕ್ರಿಸ್ಟಾ, ಫಾರ್ಚೂನರ್ ನನ್ನ ದಾಯಾದಿಗಳು. ಒಂದೇ ಕಾರ್ಖಾನೆ, ಒಂದೇ ಜಾತಿಯ ಚಾಸಿ. ಫಾರ್ಚೂನರ್ ರಾಜಕೀಯಕ್ಕೆ ಹೋದ. ಇನ್ನೋವಾ ಏರ್‌ಪೋರ್ಟ್ ಬಾಡಿಗೆ ಹಿಡಿದಳು. ಆಸ್ತಿ ಪಾಲಾದಾಗ ನನ್ನ ಪಾಲಿಗೆ ಬಂದದ್ದು ಸಾಹಸ.

ಸಾಹಸ ಅಂದರೆ?

ಕೇಳಿ. 1987ರಲ್ಲಿ ಆಫ್ರಿಕಾದ ಚಾಡ್ ದೇಶದವರು ಲಿಬಿಯಾದ ಟ್ಯಾಂಕುಗಳನ್ನು ಪಿಕಪ್ಪುಗಳಲ್ಲಿ ಕೂತು ಅಟ್ಟಾಡಿಸಿದರು. ಚರಿತ್ರೆಯಲ್ಲಿ ಅದಕ್ಕೆ ‘ಟೊಯೋಟಾ ಯುದ್ಧ’ ಅಂತಲೇ ಹೆಸರು. 2003ರಲ್ಲಿ ಬಿಬಿಸಿಯ ‘ಟಾಪ್ ಗೇರ್’ನವರು ನಮ್ಮ ಮುದುಕನೊಬ್ಬನನ್ನು ಸಮುದ್ರದ ಭರತಕ್ಕೆ ಒಡ್ಡಿದರು, ಬೆಂಕಿ ಹಚ್ಚಿದರು, ಕೊನೆಗೆ ಬಹುಮಹಡಿ ಕಟ್ಟಡದ ನೆತ್ತಿಯ ಮೇಲೆ ನಿಲ್ಲಿಸಿ ಕಟ್ಟಡವನ್ನೇ ಉರುಳಿಸಿದರು. ಮೆಕ್ಯಾನಿಕ್ ಒಂದಿಷ್ಟು ಕೈಯಾಡಿಸಿದ್ದೇ ತಡ, ಎದ್ದು ಸ್ಟಾರ್ಟ್ ಆದ. 2019ರಲ್ಲಿ ಪೆರುವಿನ ಮರಳಲ್ಲಿ ಡಕಾರ್ ರ‍್ಯಾಲಿ ಗೆದ್ದದ್ದೂ ನಮ್ಮವನೇ.

ಡಕಾರ್ ಗೆದ್ದ ಗಾಡಿಗೂ ನಿಮಗೂ ಹೆಸರು, ಮುಖಚಹರೆ ಬಿಟ್ಟರೆ ಇನ್ನೇನೂ ಸಂಬಂಧವಿಲ್ಲವಲ್ಲ? ಅದು ಪಂದ್ಯಕ್ಕೆಂದೇ ಬೇರೆ ಕಟ್ಟಿದ್ದು.

ಹಿರಿಯರ ಹೆಸರು ಹೇಳಿಕೊಂಡು ಓಟು ಕೇಳುವವರನ್ನು ನೀವು ಹೀಗೆ ಪ್ರಶ್ನಿಸುತ್ತೀರಾ ಸಾರ್?

ಇರಲಿ. ತಾವು ಸ್ವತಃ ಏರಿದ ಅತಿ ಕಷ್ಟದ ಏರು ಯಾವುದು?

(ಸ್ವಲ್ಪ ತಡೆದು) ಈ ಬೇಸ್‌ಮೆಂಟಿನ ರ‍್ಯಾಂಪು. ಮಳೆಗಾಲದಲ್ಲಿ ಜಾರುತ್ತೆ.

ನೀರಿನಲ್ಲಿ ನಡೆಯುವ ಶಕ್ತಿ ಇದೆಯಂತೆ?

700 ಮಿಲಿಮೀಟರ್ ಆಳದ ನೀರನ್ನು ದಾಟುತ್ತೇನೆ. ಕಂಪನಿಯವರೇ ಹೇಳಿದ ಲೆಕ್ಕ. ಏರ್ ಫಿಲ್ಟರಿಗೆ ಒಂದು ಹನಿಯೂ ತಾಗದು.

2022ರ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಮುಳುಗಿದಾಗ ಐಟಿಯವರನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರ್ಯಾಕ್ಟರು.

ಆಗ ನಾನಿನ್ನೂ ಬಿಡದಿಯಲ್ಲಿದ್ದೆ. ಇಲ್ಲಿದ್ದಿದ್ದರೂ ನಮ್ಮ ಯಜಮಾನರು ನೀರಿಗೆ ಇಳಿಸುತ್ತಿರಲಿಲ್ಲ. ಸೆರಾಮಿಕ್ ಕೋಟಿಂಗ್ ಮಾಡಿಸಿದ್ದಾರೆ.

ನಿಮ್ಮ ಮೂತಿ ಓಡಾಡುವ ದಾರಿಗೇ ಬಂದಿದೆ. ಮಕ್ಕಳು ಸೈಕಲ್ ತಿರುಗಿಸಲು ಪರದಾಡುತ್ತಿದ್ದರು.

ನನ್ನ ಉದ್ದ 5,325 ಮಿಲಿಮೀಟರ್. ಇಲ್ಲಿ ಗೆರೆ ಎಳೆದಿರುವುದು ಐದು ಮೀಟರಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅಸೋಸಿಯೇಷನ್ನಿನವರು ಎರಡು ಸಲ ಮೇಲ್ ಹಾಕಿದ್ದಾರೆ. ಕಾಲು ಮಡಚುವ ಫೀಚರ್ ಟಾಪ್ ಮಾಡೆಲಿನಲ್ಲೂ ಇಲ್ಲ.

ಅಷ್ಟು ಉದ್ದ ಇರುವುದು ಹಿಂದಿನ ತೊಟ್ಟಿಗಾಗಿಯೇ ತಾನೆ? ಈ ವರ್ಷ ಅದರಲ್ಲಿ ಏನೇನು ಹೊತ್ತಿರಿ?

ಎರಡು ಮಡಚುವ ಕುರ್ಚಿ. ಲಾಲ್‌ಬಾಗ್ ನರ್ಸರಿಯಿಂದ ತಂದ ಒಂದು ಅರೇಕಾ ಪಾಮ್. ಅದನ್ನು ಇಡುವ ಮುಂಚೆ ಕೆಳಗೆ ಯೋಗ ಮ್ಯಾಟ್ ಹಾಸಿದ್ದರು.

ಅಪಾರ್ಟ್‌ಮೆಂಟಿನ ಗಣೇಶನ ವಿಸರ್ಜನೆಗೆ?

ಎಲ್ಲರೂ ನನ್ನನ್ನೇ ಕೇಳಿದರು. ತೊಟ್ಟಿಯೊಳಗಿನ ಬೆಡ್‌ಲೈನರ್ ತರಚುತ್ತದೆ ಅಂತ ಯಜಮಾನರು ಒಪ್ಪಲಿಲ್ಲ. ಚೋಟಾ ಹಾಥಿ ಕರೆಸಿದರು.

(ಅಷ್ಟರಲ್ಲಿ ನೀರಿನ ಕ್ಯಾನ್ ಇಳಿಸಲು ಬಂದಿದ್ದ ಟಾಟಾ ಏಸ್, ಅಂದರೆ ಅದೇ ಚೋಟಾ ಹಾಥಿ, ಪಕ್ಕದಲ್ಲೇ ನಿಂತು ಮಾತಿಗೆ ಬಾಯಿ ಹಾಕಿತು.)

ಟಾಟಾ ಏಸ್: ಗಣಪತೀನ ಹೊತ್ಕೊಂಡು ಹೋಗಿದ್ದು ನಾನೇ ಸಾರ್. ಜೊತೆಗೆ ಡೊಳ್ಳು, ಸ್ಪೀಕರು, ಜನರೇಟರು ಎಲ್ಲಾ. ಅಣ್ಣನ್ನ ಒಂದು ಮಾತು ಕೇಳಿ, ಕಾಗದದ ಪ್ರಕಾರ ಎಷ್ಟು ತೂಕ ಹೊರ್ತಾರೆ ಅಂತ.

ಹೇಳಿ, ಎಷ್ಟು?

ಹೊರದೇಶಗಳಲ್ಲಿ ನಮ್ಮವರು ಒಂದು ಟನ್ ಆಸುಪಾಸು ಹೊರುತ್ತಾರೆ.

ಇಲ್ಲಿ?

ಇಲ್ಲಿ... ಐದು ಕ್ವಿಂಟಾಲ್‌ಗಿಂತ ಸ್ವಲ್ಪ ಕಡಿಮೆ.

ಟಾಟಾ ಏಸ್: ಅಂದ್ರೆ ಹತ್ತು ಮೂಟೆ ಸಿಮೆಂಟ್ ಹಾಕಿದ್ರೆ ಲೆಕ್ಕ ಮೀರ್ತು! ನಂದು 750 ಕೆಜಿ ಸಾರ್. ಹದಿನೈದು ಮೂಟೆ. ನಾನು ಹುಟ್ಟಿದ್ದು 2005ರಲ್ಲಿ, ಅವತ್ತಿಂದ ಒಂದು ದಿನಾನೂ ಬೆನ್ನು ಖಾಲಿ ಇಟ್ಕೊಂಡು ನಿಂತಿಲ್ಲ.

ಹೈಲಕ್ಸ್ ಅವರೇ, ಇದಕ್ಕೇನಂತೀರಿ?

ಅವನು ಹಳದಿ ಬೋರ್ಡು, ನಾನು ಬಿಳಿ ಬೋರ್ಡು. ನನ್ನಲ್ಲಿ ಐದು ಜನ ಎಸಿಯಲ್ಲಿ ಕೂರುತ್ತಾರೆ. 204 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್. ಅವನ ಮುಂದೆ ನನ್ನನ್ನು ತೂಕಕ್ಕೆ ಹಾಕಬೇಡಿ.

ಹಿಂದಿನ ಸೀಟಿನವರು ಎಸಿ ಇದ್ದರೂ ಬೆನ್ನು ನೋಯುತ್ತದೆ ಅನ್ನುತ್ತಾರೆ.

ಹಿಂದೆ ಇರುವುದು ಲೀಫ್ ಸ್ಪ್ರಿಂಗು, ಲಾರಿಗೆ ಇರುವಂಥದ್ದೇ. ಭಾರ ಹೊರಲೆಂದೇ ಮಾಡಿದ್ದು. ತೊಟ್ಟಿ ತುಂಬಿದರೆ ನಾನು ಹದವಾಗಿ ಓಡುತ್ತೇನೆ, ಖಾಲಿ ಇದ್ದರೆ ಹಂಪ್ ಹಂಪಿಗೂ ಕುಣಿಯುತ್ತೇನೆ. ಸೀಟಿನ ಬೆನ್ನೂ ಸ್ವಲ್ಪ ನೆಟ್ಟಗೆ, ಯಾಕೆಂದರೆ ಅದರ ಹಿಂದೆಯೇ ತೊಟ್ಟಿ. ನಮ್ಮ ಅಮ್ಮಾವ್ರು ಊರಿಗೆ ಹೋಗುವಾಗ ಈಗಲೂ ಇನ್ನೋವಾ ಬುಕ್ ಮಾಡುತ್ತಾರೆ. ನನಗೆ ಬೇಜಾರಿಲ್ಲ, ಮನೆಮಗಳಿಗೆ ತಾನೆ ದುಡ್ಡು ಹೋಗೋದು.

ಸೂಟ್‌ಕೇಸ್?

ಮಲೆನಾಡಿನ ಮಳೆಯಲ್ಲಿ ತೆರೆದ ತೊಟ್ಟಿಗೆ ಹಾಕಿದರೆ ಊರು ಸೇರುವ ಹೊತ್ತಿಗೆ ಬಟ್ಟೆ ಒಗೆದಂತೆ ಆಗಿರುತ್ತದೆ. ಮುಚ್ಚಳಕ್ಕೆ ಬೇರೆ ದುಡ್ಡು.

ಫೋರ್ ವೀಲ್ ಡ್ರೈವ್ ವಿಷಯಕ್ಕೆ ಬರೋಣ. ಎಷ್ಟು ಸಲ ಹಾಕಿದ್ದಾರೆ?

ಒಮ್ಮೆ ನೆಂಟರಿಗೆ ತೋರಿಸಲು, ಅದೂ ಒಣ ಟಾರು ರಸ್ತೆಯಲ್ಲಿ! ಬಲ್ಲವರು ಅದನ್ನು ಮಾಡುವುದಿಲ್ಲ ಸಾರ್. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ನನ್ನಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ, ಹಾಕಿದ ಕೂಡಲೇ ಮುಂದು ಹಿಂದು ಬಿಗಿದುಕೊಳ್ಳುತ್ತವೆ. ಕೆಸರಿನಲ್ಲಿ ಟೈರು ಒಂದಿಷ್ಟು ಜಾರಿ ಸರಿದೂಗಿಸುತ್ತದೆ. ಟಾರಿನಲ್ಲಿ ಜಾರಲು ಜಾಗವಿಲ್ಲ, ಗೇರು ಹಲ್ಲು ಕಡಿಯುತ್ತದೆ.

ಕಡಿದಾದ ಏರಿಗೆಂದು ಇರುವ ಫೋರ್ ಲೋ ಗೇರು?

ಆ ನಾಬ್ ಮೇಲಿನ ಪ್ಲಾಸ್ಟಿಕ್ಕನ್ನೇ ಇನ್ನೂ ಕಿತ್ತಿಲ್ಲ.

ಆದರೂ ಒಮ್ಮೆ ಪಶ್ಚಿಮಘಟ್ಟಕ್ಕೆ ಹೋಗಿದ್ದಿರಂತೆ?

ಕೊಡಚಾದ್ರಿಯ ಬುಡದವರೆಗೆ. ಯಜಮಾನರು ಮೇಲಿನಿಂದ ಇಳಿದುಬಂದ ಜೀಪುಗಳನ್ನು ನೋಡಿದರು. ನನ್ನ ಬಾಗಿಲಿನ ಬಣ್ಣ ನೋಡಿದರು. ಬಾಡಿಗೆ ಜೀಪು ಹತ್ತಿದರು. ನಾನು ನೆರಳಲ್ಲಿ ಕಾದೆ.

ನಾಚಿಕೆ ಆಗಲಿಲ್ಲವೇ?

ಆ ಮುದಿ ಜೀಪುಗಳನ್ನು ಕಂಡರೆ ನನಗೆ ಗೌರವ. ಗಿಡ್ಡ ಮೈ, ಬಣ್ಣದ ಚಿಂತೆಯಿಲ್ಲ, ಚಾಲಕನಿಗೆ ಪ್ರತಿ ಕಲ್ಲಿನ ಗುರುತು ಗೊತ್ತು. ನನ್ನ ಎರಡು ಆಕ್ಸಲುಗಳ ನಡುವೆಯೇ 3,085 ಮಿಲಿಮೀಟರ್, ಮೂರು ಬಾಗಿಲಿನ ಥಾರ್‌ಗೆ 2,450. ದಿಬ್ಬ ಹತ್ತಿಳಿಯುವಾಗ ನನ್ನ ಹೊಟ್ಟೆ ತಗಲುತ್ತದೆ, ಹಳ್ಳ ದಾಟುವಾಗ ಬಾಲ ಉಜ್ಜುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಎರಡು ಸಲ ರಿವರ್ಸ್ ಹಾಕಬೇಕು. ಇನ್ನೊಂದು ಗುಟ್ಟು: ರಸ್ತೆಗೆಂದು ಮಾಡಿದ ಟೈರು ಹಾಕಿಕೊಂಡು ಮಲೆನಾಡಿನ ಜೇಡಿಮಣ್ಣಿಗೆ ಇಳಿದರೆ ನಾಲ್ಕು ಚಕ್ರವೂ ಒಟ್ಟಿಗೇ ಜಾರುತ್ತವೆ, ಅಷ್ಟೇ. ಟೈರು ಮೊದಲು, ಉಳಿದದ್ದು ಆಮೇಲೆ.

ಆಫ್‌ರೋಡ್ ಅಂದರೆ ಕಾಡಿಗೆ ನುಗ್ಗುವುದು ಅಂದುಕೊಂಡವರಿಗೆ?

ಮೀಸಲು ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಗಾಡಿ ನುಗ್ಗಿಸಿದರೆ ಅದು ಸಾಹಸವಲ್ಲ, ಕೇಸು. ಶೋಲಾ ಕಾಡಿನ ಪಕ್ಕದ ಹುಲ್ಲುಗಾವಲಿನ ಮೇಲೆ ಒಮ್ಮೆ ಗಾಲಿಯ ಗೀರು ಬಿದ್ದರೆ ಮುಂದಿನ ಮಳೆಗೆ ಅದೇ ಚರಂಡಿ. ರೀಲ್ಸ್ ಮೂವತ್ತು ಸೆಕೆಂಡಿಗೆ ಮುಗಿಯುತ್ತದೆ, ಗೀರು ಉಳಿಯುತ್ತದೆ.

ದುಡ್ಡಿನ ಲೆಕ್ಕ ಹೇಳಿಬಿಡಿ.

2022ರ ಮಾರ್ಚಿನಲ್ಲಿ ಬಂದಾಗ ನನ್ನ ಆರಂಭದ ಬೆಲೆ 33.99 ಲಕ್ಷ. ಮರುವರ್ಷ ಕೆಳಗಿನ ಮಾಡೆಲಿಗೆ ಮೂರೂವರೆ ಲಕ್ಷ ಇಳಿಸಿ 30.40ಕ್ಕೆ ತಂದರು, ಮೇಲಿನ ಆಟೊಮ್ಯಾಟಿಕ್‌ಗೆ ಏರಿಸಿ 37.90 ಮಾಡಿದರು. ಮೊದಲ ವರ್ಷವೇ ಕೊಂಡವರ ಮುಖ ನೀವು ನೋಡಬೇಕಿತ್ತು.

ಇದು ಎಕ್ಸ್ ಶೋರೂಂ. ಆನ್ ರೋಡ್?

ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ನೂರಕ್ಕೆ 18, ಆ ತೆರಿಗೆಯ ಮೇಲೆ 11 ಪರ್ಸೆಂಟ್ ಸೆಸ್. ಆಗಿನ 37.90 ಲಕ್ಷಕ್ಕೆ ಇದೊಂದೇ ಏಳೂವರೆ ಲಕ್ಷ. ವಿಮೆ ಸೇರಿ ಆಗ 45 ಲಕ್ಷ ಆರಾಮಾಗಿ ದಾಟುತ್ತಿದ್ದೆ.

ಟಾಟಾ ಏಸ್: ಅಣ್ಣ, ನಿನ್ನ ರೋಡ್ ಟ್ಯಾಕ್ಸಿನ ದುಡ್ಡಲ್ಲಿ ಒಬ್ಬ ನಾನೇ ಬರ್ತೀನಿ!

(ನಗು ತಡೆದುಕೊಂಡು) ಸಾಲ ಮಾಡಿದರೆ?

35 ಲಕ್ಷ ಸಾಲ, 9 ಪರ್ಸೆಂಟ್ ಬಡ್ಡಿ, 7 ವರ್ಷ ಅಂತಿಟ್ಟುಕೊಳ್ಳಿ. ತಿಂಗಳಿಗೆ 56 ಸಾವಿರ ಚಿಲ್ಲರೆ ಕಂತು. ಮುಗಿಯುವ ಹೊತ್ತಿಗೆ ಬಡ್ಡಿಯೇ 12 ಲಕ್ಷ ಮೀರಿರುತ್ತದೆ. ಡೀಸೆಲ್ ಬೇರೆ: ಊರೊಳಗೆ ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ನನಗೆ ಕೈಮುಗಿಯಿರಿ. ಟ್ಯಾಂಕು 80 ಲೀಟರ್. ತುಂಬಿಸುವಾಗ ಯಜಮಾನರು ಮೀಟರ್ ನೋಡುವುದಿಲ್ಲ, ಆಕಾಶ ನೋಡುತ್ತಾರೆ.

ಹಾಗಿದ್ದರೆ ಅವರು ಯಾಕೆ ಕೊಂಡರು?

ವಾರದ ಐದು ದಿನ ಅವರ ಬಾಳು ಸ್ಲೈಡಿನಿಂದ ಸ್ಲೈಡಿಗೆ. ಎಂದಾದರೊಂದು ದಿನ ಎಲ್ಲ ಬಿಟ್ಟು ಸಕಲೇಶಪುರದ ಕಡೆ ತೋಟ ಮಾಡುತ್ತೇನೆ ಅಂತ ಆಸೆ. ತೋಟ ಕೊಳ್ಳುವುದು ಕಷ್ಟ. ತೋಟದವನ ಗಾಡಿ ಕೊಳ್ಳುವುದಕ್ಕೆ ಬ್ಯಾಂಕಿನವರು ಅರ್ಧ ಗಂಟೆಯಲ್ಲಿ ಒಪ್ಪಿದರು.

ಅಂದರೆ ನೀವು ಯಾರಿಗೂ ಬೇಡದ ಗಾಡಿ ಅಂತ ಬರೆದುಕೊಳ್ಳಲೇ?

ಬರೆಯಬೇಡಿ! ಅದು ಅನ್ಯಾಯ. ನನ್ನ ಅಣ್ಣನೊಬ್ಬ ಕೊಡಗಿನ ಕಾಫಿ ತೋಟದಲ್ಲಿದ್ದಾನೆ. ಮನೆ ಮುಟ್ಟಲು ಕೊನೆಯಲ್ಲಿ ಕಡಿದಾದ ಮಣ್ಣುದಾರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ದಿನಾ ಫೋರ್ ಲೋ. ತೊಟ್ಟಿಯಲ್ಲಿ ಗೊಬ್ಬರ, ಮೋಟಾರು, ಪೈಪು, ಕೆಲವೊಮ್ಮೆ ನಾಯಿ. ಅದೇ ಗಾಡಿಯಲ್ಲಿ ತೋಟದ ಯಜಮಾನರು ಅಪ್ಪ ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಕರೆತರುತ್ತಾರೆ. ಒಂದೇ ಗಾಡಿ ಜೀಪು, ಲಗೇಜು, ಕಾರು ಮೂರೂ ಆಗಬೇಕಾದ ಮನೆ ಅದು. ಹದಿನೈದು ವರ್ಷ ಇಟ್ಟುಕೊಳ್ಳುವ ಲೆಕ್ಕದಲ್ಲಿ ಕೊಂಡಿದ್ದಾರೆ. ಅವನ ಮೈಯೆಲ್ಲ ಗೀರು, ಆದರೂ ನನಗಿಂತ ಸುಖಿ. ನನ್ನ ಬೆಲೆ ಇರುವುದು ಬಾಳಿಕೆಯಲ್ಲಿ. ಮೂರು ವರ್ಷಕ್ಕೆ ಮಾರುವವನು ಆ ಬಾಳಿಕೆಗೆ ದುಡ್ಡು ಕೊಟ್ಟು, ಅದನ್ನು ಎರಡನೆಯವನಿಗೆ ದಾನ ಮಾಡಿ ಹೋಗುತ್ತಾನೆ.

ಅದೇ ಕೆಲಸ ಕಡಿಮೆ ದುಡ್ಡಿನಲ್ಲಿ ಆಗುವುದಿಲ್ಲವೇ?

ಆಗುತ್ತದೆ, ಮುಚ್ಚಿಡುವುದೇಕೆ. ಪಿಕಪ್ಪೇ ಬೇಕೆಂದರೆ ಆಂಧ್ರದ ಶ್ರೀ ಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್ ಇದೆ. 1.9 ಲೀಟರ್ ಎಂಜಿನ್ನು, 163 ಅಶ್ವಶಕ್ತಿ; ನನ್ನಷ್ಟು ಬಲವಿಲ್ಲ, ನನ್ನಷ್ಟು ಬೆಲೆಯೂ ಇಲ್ಲ. ತೂಕವೇ ಮುಖ್ಯ ಅಂದರೆ ಬೊಲೆರೊ ಪಿಕಪ್ ಹತ್ತು ಲಕ್ಷದ ಆಸುಪಾಸಿಗೆ ಒಂದು ಟನ್ನಿಗೂ ಹೆಚ್ಚು ಹೊರುತ್ತದೆ. ಅದರ ಜೊತೆಗೆ ಒಂದು ಫೋರ್ ವೀಲ್ ಥಾರೋ ಜಿಮ್ನಿಯೋ ಸೇರಿಸಿದರೂ ನನ್ನ ಬೆಲೆ ಮುಟ್ಟುವುದಿಲ್ಲ. ಎರಡು ಗಾಡಿ, ಎರಡು ವಿಮೆ, ಎರಡು ಸರ್ವಿಸ್ ಬೇಡ ಅನ್ನುವವನು ನನ್ನ ಹತ್ತಿರ ಬರಲಿ.

ಕೊಂಡ ಮೇಲೆ ಲಿಫ್ಟ್ ಕಿಟ್, ಬುಲ್ ಬಾರ್ ಹಾಕಿಸುವ ಆಸೆ ಎಲ್ಲರಿಗೂ ಇರುತ್ತದೆ.

ಬುಲ್ ಬಾರ್ ಹಾಕಿದರೆ ದಂಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಕಂಪನಿಯ ಮೂಲ ವಿನ್ಯಾಸ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ದುಡ್ಡಿಗೆ ಒಳ್ಳೆಯ ಟೈರು ಹಾಕಿಸಿ, ಓಡಿಸುವುದನ್ನು ಕಲಿಯಲಿ.

ಕೊನೆಯದಾಗಿ, ಕೊಳ್ಳಬೇಕೆಂದಿರುವವರಿಗೆ ನಿಮ್ಮ ಸಂದೇಶ?

ಬುಕ್ ಮಾಡುವ ಮುಂಚೆ ಕಳೆದ ಒಂದು ವರ್ಷವನ್ನು ನೆನೆದು ಕಾಗದದಲ್ಲಿ ಎರಡು ಪಟ್ಟಿ ಬರೆಯಿರಿ. ಕಾರಿನ ಡಿಕ್ಕಿಯಲ್ಲಿ ಹಿಡಿಯದ ಸಾಮಾನು ಎಷ್ಟು ದಿನ ತರಬೇಕಾಯಿತು? ಮಾಮೂಲಿ ಕಾರು ಹೋಗದೆ ಎಷ್ಟು ದಿನ ಹಿಂದಿರುಗಿದಿರಿ? ಮುಂದೆ ಆಗಬಹುದು ಅನ್ನುವುದನ್ನು ಬರೆಯಬೇಡಿ, ಆದದ್ದನ್ನು ಮಾತ್ರ ಬರೆಯಿರಿ. ಎರಡು ಪಟ್ಟಿಯೂ ತಿಂಗಳಿಗೆ ನಾಲ್ಕಾರು ದಿನ ತೋರಿಸಿದರೆ ಬನ್ನಿ, ಹದಿನೈದು ವರ್ಷ ನಿಯತ್ತಾಗಿ ದುಡಿಯುತ್ತೇನೆ. ಒಂದೇ ಪಟ್ಟಿ ತುಂಬಿದರೆ ಅದಕ್ಕೆ ತಕ್ಕ ಅಗ್ಗದ ಗಾಡಿ ಇದೆ. ಎರಡೂ ಖಾಲಿ ಇದ್ದರೆ ವರ್ಷಕ್ಕೆರಡು ಸಲ ಜೀಪು ಬಾಡಿಗೆಗೆ ಹಿಡಿಯಿರಿ, ಗಣೇಶನಿಗೆ ನಮ್ಮ ಚೋಟಾ ಹಾಥಿಯನ್ನು ಕರೆಯಿರಿ. ಉಳಿದ ದುಡ್ಡಿನಲ್ಲಿ, ಆಸೆ ನಿಜವೇ ಆಗಿದ್ದರೆ, ಮೊದಲು ತೋಟ ಕೊಳ್ಳಿ. ಗಾಡಿ ಆಮೇಲೆ ಕೊಂಡರಾಯಿತು.