ಎಫ್ ಒತ್ತಿದರೆ ಒತ್ತು

ನಮ್ಮೂರು ಕಡರನಾಯಕನಹಳ್ಳಿ. ಹೆಸರಿಗೆ ಒಂಬತ್ತು ಅಕ್ಷರ, ಒತ್ತು ಒಂದೇ, ಅದೂ ಕೊನೆಗೆ. ತಮ್ಮನ ಲಗ್ನಪತ್ರಿಕೆಯನ್ನು ಮನೆಯ ಹಳೇ ಕಂಪ್ಯೂಟರಿನಲ್ಲೇ ಕುಟ್ಟಿ, ಪೆನ್‌ಡ್ರೈವ್ ಜೇಬಿಗಿಟ್ಟು ಹರಿಹರದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ತೆರೆದರೆ ಕನ್ನಡವೇ ಇಲ್ಲ! ತಲೆಗೆ ಟೋಪಿ, ಕಾಲಿಗೆ ಬಾಲ ಕಟ್ಟಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ.

"ಅಣ್ಣಾ, ಇದು ನಿಮ್ಮೂರಾ?" ಅಂದ ಡಿಟಿಪಿ ಹುಡುಗ.

"ಹೌದಪ್ಪ, ಮನ್ಯಾಗ ಚೆಂದಾಗೇ ಇತ್ತು."

"ಫಾಂಟ್ ಮನ್ಯಾಗ ಬಿಟ್ಟು ಬಂದೀರಿ."

ಕನ್ನಡಕ ಮರೆತು ಬಂದದ್ದುಂಟು. ಫಾಂಟ್ ಮರೆತದ್ದು ಇದೇ ಮೊದಲು. ಹಳೇ ಫಾಂಟುಗಳ ಗುಟ್ಟೇ ಅದಂತೆ: ಒಳಗೆ ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ. ಯೂನಿಕೋಡ್‌ನಲ್ಲಾದರೆ ನಮ್ಮ 'ಳ'ಕ್ಕೂ ಸ್ವಂತ ನಂಬರುಂಟು.

ಅಷ್ಟರಲ್ಲಿ ಪಾಳಿಯಲ್ಲಿದ್ದ ನಿವೃತ್ತ ಮೇಷ್ಟ್ರು ಬಾಯಿ ಹಾಕಿದರು. ಅವರದು 1998ರಲ್ಲಿ ಬಂದ 'ಬರಹ' ಸಾಫ್ಟ್‌ವೇರಿನ ಪಕ್ಷ. ಇಂಗ್ಲಿಷಿನಲ್ಲಿ ಉಚ್ಚಾರ ಬರೆದರೆ ಕನ್ನಡ ತಾನೇ ಮೂಡುತ್ತದೆ, ಇನ್ನೇನು ಬೇಕು? ಪಕ್ಕದ ಗುಮಾಸ್ತರದು ಗಣಕ ಪರಿಷತ್ತಿನ 'ನುಡಿ'. "ಕೆ.ಪಿ. ರಾವ್ ಅವರ ಕೀಲಿಮಣೆ ಬೆರಳಿಗೆ ಕುಂತರ ಮುಗೀತು ಸಾರ್. ಎಫ್ ಒತ್ತಿದ್ರ ಒತ್ತು!" ತಂದಿಟ್ಟಿದ್ದ ಮಿರ್ಚಿ ಆರಿ ತಣ್ಣಗಾಯಿತು, ಮಂಡಕ್ಕಿ ಮೆತ್ತಗಾಯಿತು, ವಾದ ಮಾತ್ರ ಆರಲಿಲ್ಲ. ನನ್ನನ್ನು ಕೇಳಿದರೆ, ನಡುವೆ ಕರೆಂಟು ಹೋದರೂ ಬರೆದದ್ದನ್ನು ಉಳಿಸಿಕೊಡುವುದೇ ಒಳ್ಳೇ ಸಾಫ್ಟ್‌ವೇರ್. ಯಾರೂ ಕೇಳಲಿಲ್ಲ.

ಹುಡುಗ ಪೂರ್ತಿ ಹೊಸದಾಗಿ ಕುಟ್ಟಿ ಪ್ರೂಫ್ ಕೊಟ್ಟ. ನೋಡಿದರೆ, 'ಕಡರನಾಯಕನಹಳಳಿ'.

"ಒತ್ತೆಲ್ಲಪಾ?"

"ಎಫ್ ಸವದೈತಣ್ಣಾ," ಎಂದು ಹೆಬ್ಬೆರಳಿಂದ ಕೀಲಿಯನ್ನು ಅದುಮಿ ಹಿಡಿದ.