ಕಠಾರಿಪ್ರಿಯರ ಕಣ್ಣು

ಈರುಳ್ಳಿ ಹೆಚ್ಚಲು ಎಂದೂ ಚಾಕು ಹಿಡಿಯದ, ಆದರೆ ಹಜಾರದ ಗಾಜಿನ ಬೀರುವಿನಲ್ಲಿ ದೇಶದೇಶದ ಕಠಾರಿಗಳಿಗೆ ದೀಪ ಹಾಕಿ ಹಾಸಿಗೆ ಹಾಸಿಟ್ಟ ಮಹನೀಯರು ನಮ್ಮ ನಗರಗಳಲ್ಲಿ ಅಪರೂಪವಲ್ಲ. ಕಠಾರಿಯನ್ನು ಇವರು ಕಠಾರಿ ಎನ್ನುವುದಿಲ್ಲ, ‘ಪೀಸ್’ ಎನ್ನುತ್ತಾರೆ. ಬಂದವರಿಗೆ ಕಾಫಿ ಬರುವ ಮೊದಲೇ ಒಂದು ಪೀಸ್ ಬರುತ್ತದೆ. “ಅಲಗು ನೋಡಿ ಸ್ವಾಮಿ, ಅಲಗು! ಉಳಿದದ್ದೆಲ್ಲ ಒಡವೆ. ಬೆಲೆ ಕಟ್ಟೋದಕ್ಕೆ ನನಗೆ ಪುಸ್ತಕ ಬೇಡ, ಕಣ್ಣಿದೆ” ಎಂಬುದು ಅವರ ಸಿದ್ಧಾಂತ. ಆ ಕಣ್ಣನ್ನು ಸ್ವಲ್ಪ ಪರೀಕ್ಷಿಸಬೇಕು. ಸ್ವಂತದ್ದೆಂದು ಅವರು ಹೇಳಿಕೊಳ್ಳುವ ರುಚಿಯ ಬಹುಪಾಲು ಹರಾಜು ಮನೆಗಳ ಕ್ಯಾಟಲಾಗಿನಿಂದ ಬಂದ ಕಡ. ಕಠಾರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರ ಲೆಕ್ಕವೇ ಬೇರೆ.

ಯೆಮನ್ನಿನ ಜಂಬಿಯವನ್ನೇ ತೆಗೆದುಕೊಳ್ಳಿ. ಅಲ್ಲಿಯವರು ಮೊದಲು ನೋಡುವುದು ಹಿಡಿಯನ್ನು. ತಲೆಮಾರುಗಳ ಅಂಗೈ ತಾಗಿ ತಾಗಿ ನಯವಾದ, ಬೆಳಕು ಒಳಗೇ ಇದ್ದಂತೆ ಹೊಳೆಯುವ ಹಳೆಯ ಖಡ್ಗಮೃಗದ ಕೊಂಬಿನ ಹಿಡಿಯಾದರೆ ಬೆಲೆಯ ದೊಡ್ಡ ಪಾಲು ಅದಕ್ಕೇ. ಅಲಗು ಸಾಧಾರಣವಾದರೂ ಯಾರೂ ಮೂಗು ಮುರಿಯುವುದಿಲ್ಲ. ನಮ್ಮವರು ಮುರಿಯುತ್ತಾರೆ. ಇನ್ನು ಜಾವಾದ ಕೆರಿಸ್. ನಿಕ್ಕಲ್ ಬೆರೆತ ಲೋಹವನ್ನೂ ಕಬ್ಬಿಣವನ್ನೂ ಮಡಿಸಿ ಬಡಿದಾಗ ಅಲಗಿನೊಳಗೆ ಮೂಡುವ ಚಿತ್ತಾರಕ್ಕೆ ಅಲ್ಲಿ ಪಮೋರ್ ಎನ್ನುತ್ತಾರೆ. ನಿಂಬೆರಸ, ಪಾಷಾಣ ಹಾಕಿ ತೊಳೆದಾಗ ಕಬ್ಬಿಣ ಕಪ್ಪಾಗಿ ಚಿತ್ತಾರ ಬೆಳ್ಳಗೆ ಏಳುತ್ತದೆ. ಆಕಾರ, ಪಮೋರ್, ಕಾಲ, ಯಾವ ಮನೆತನದ ಕೈಯಲ್ಲಿತ್ತು ಎಂಬುದೆಲ್ಲ ಸೇರಿ ಬೆಲೆ. ನಮ್ಮ ಮಹನೀಯರಿಗೋ ಅದು ಕಪ್ಪು ಹಿಡಿದ ಕಬ್ಬಿಣ. ಉಪ್ಪುಕಾಗದದಲ್ಲಿ ಒಂದು ಭಾನುವಾರ ಉಜ್ಜಿ, ಮುಖ ಕಾಣುವಂತೆ ಮಾಡಿ, ಬೆಲೆಯನ್ನೂ ಉಜ್ಜಿ ತೆಗೆದು ಬೀರುವಿಗೆ ಸೇರಿಸುತ್ತಾರೆ. ಅಷ್ಟೇಕೆ, ಇಲ್ಲೇ ಕೊಡಗಿನ ಪೀಚೆಕತ್ತಿಯ ಗತಿ? ಕುಪ್ಯವೆಂಬ ನಿಲುವಂಗಿಯ ಮೇಲೆ ಚೇಲೆಯೆಂಬ ಕೆಂಪು ನಡುಪಟ್ಟಿ ಸುತ್ತಿ ಮುಂದಕ್ಕೆ ಸಿಕ್ಕಿಸುವ ಈ ಬೆಳ್ಳಿಯೊರೆಯ ಕತ್ತಿ ಯಾವ ಒಕ್ಕದ್ದು, ಯಾರ ಮದುವೆಯಲ್ಲಿ ತೊಟ್ಟದ್ದು ಎಂದು ಮನೆಯವರು ಕೇಳುತ್ತಾರೆ. ನಮ್ಮವರು ಬೆಳ್ಳಿ ಎಷ್ಟು ತೊಲ ಎಂದು ಕೇಳುತ್ತಾರೆ.

ದುಡ್ಡು ಅವರದು, ರುಚಿಯೂ ಅವರದು, ನಿಮಗೇನು ಎನ್ನಬಹುದು. ಇಷ್ಟಪಡುವುದಕ್ಕೆ ಯಾರಪ್ಪಣೆಯೂ ಬೇಡ, ನಿಜ. ಆದರೆ ‘ನನಗೆ ಇಷ್ಟವಿಲ್ಲ’ ಎಂಬಲ್ಲಿಗೆ ನಿಲ್ಲದೆ ‘ಇದು ಕಳಪೆ’ ಎಂದಾಗ ಮಾತು ರುಚಿಯ ಗಡಿ ದಾಟಿತು. ಅಲ್ಲಿ ಪುರಾವೆ ಕೊಡಬೇಕಾಗುತ್ತದೆ. ಸಂಪ್ರದಾಯದ ಅಳತೆಗೋಲೇನು ಕಲ್ಲಿನಲ್ಲಿ ಕೆತ್ತಿದ್ದೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಉತ್ತರ ಯೆಮನ್ 1982ರಲ್ಲಿ ಖಡ್ಗಮೃಗದ ಕೊಂಬಿನ ಆಮದು ನಿಷೇಧಿಸಿತು. ಎಮ್ಮೆಕೊಂಬಿನ ಹಿಡಿಗಳೂ ಸೊಂಟವೇರಿದವು. ಅಳತೆ ಬದಲಾಗುತ್ತದೆ, ಸರಿ. ಬದಲಾಯಿಸಿದ್ದು ತೊಡುವವರ ಜಗತ್ತು, ಬೀರುವಿನ ದೀಪವಲ್ಲ. ಇವರು ಕೊಳ್ಳದಿದ್ದರೆ ಎಷ್ಟೋ ಕತ್ತಿ ಗುಜರಿಯಲ್ಲಿ ಕರಗುತ್ತಿತ್ತು ಎಂಬ ವಾದವನ್ನಂತೂ ಪೂರ್ತಿ ಒಪ್ಪಬೇಕು. ಉಪ್ಪುಕಾಗದವೊಂದನ್ನು ಮನೆಯವರು ಅಡಗಿಸಿಟ್ಟರೆ ಇವರಷ್ಟು ಒಳ್ಳೆಯ ಕಾವಲುಗಾರರಿಲ್ಲ.

ಇಷ್ಟಾದರೂ ‘ಕಣ್ಣೇ ಪ್ರಮಾಣ’ ಎಂಬ ಸಿದ್ಧಾಂತವನ್ನು ಅವರೇ ಕೈಬಿಡುವ ಸಂದರ್ಭವೊಂದಿದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಅತಿಥಿಗಳೆದುರು ಇನ್ನೂರೈವತ್ತು ವರ್ಷದ್ದಾಗಿದ್ದ ಪೀಸು, ಅಮೆರಿಕದ ಮಗನ ಮನೆಗೆ ಹೊರಟ ದಿನ ಅಧಿಕಾರಿಯೆದುರು ತೊಂಬತ್ತೆಂಟಕ್ಕೆ ಇಳಿಯುತ್ತದೆ. ಆತ ಇನ್ನೊಮ್ಮೆ ತಿರುಗಿಸಿ ನೋಡಿದರೆ ಎಂಬತ್ತು.