ಭಾಟಕ ಮೀಮಾಂಸೆ

ಪೀಠಿಕೆ

ಬೆಂಗಳೂರಿನಲ್ಲಿ 12 ವರ್ಷಕ್ಕೆ 7 ಮನೆ ಬದಲಿಸಿದ ಈ ಸಂಶೋಧಕನಿಗೆ ಕ್ಷೇತ್ರಕಾರ್ಯಕ್ಕೆಂದು ಬೇರೆ ಹೊರಡುವ ಪ್ರಮೇಯ ಬರಲಿಲ್ಲ. ಆಕರಗಳೆಲ್ಲ ಗೋಣಿಚೀಲದಲ್ಲಿ ಕಟ್ಟಿಕೊಂಡೇ ಇದ್ದವು.

ಶಬ್ದನಿಷ್ಪತ್ತಿ

‘ಬಾಡಿಗೆ’ ಸಂಸ್ಕೃತದ ‘ಭಾಟಕ’ದಿಂದ ಬಂದದ್ದೆನ್ನುತ್ತಾರೆ ವಿದ್ವಾಂಸರು. ತಿಂಗಳ 5ನೇ ತಾರೀಕು ಬಾಡಿಗೆದಾರರ ಮುಖ ನೋಡಿದವರು ಮಾತ್ರ ‘ಬಾಡು’ ಧಾತುವನ್ನೇ ಹಿಡಿಯುತ್ತಾರೆ. ಬಾಡು ಎಂದರೆ ಮಾಂಸ ಎನ್ನುವ ಮೂರನೇ ಪಂಥವೂ ಉಂಟು. ಸಂಬಂಧವಿರುವುದು ನಿಜ: ಬಾಡು ಬೇಯಿಸುವವರಿಗೆ ಬಾಡಿಗೆ ಮನೆಯಿಲ್ಲ. ‘ನಿಮ್ಮದು ಯಾವ ಜನ?’ ಎಂಬುದು ಈ ಪಂಥದ ಮೂಲಸೂತ್ರ.

ಸಂಧಿಪ್ರಕರಣ

1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಲೇಬೇಕು. ಆ ತಾಪತ್ರಯವೇ ಬೇಡವೆಂದು ಕರಾರು 11 ತಿಂಗಳದ್ದು. ಹೀಗೆ ಹನ್ನೆರಡನೇ ತಿಂಗಳಿಗೆ ಲೋಪ, ಬಾಡಿಗೆಗೆ ಶೇ. 5ರ ಆಗಮ, ಒಪ್ಪದಿದ್ದರೆ ‘ಖಾಲಿ ಮಾಡಿ’ ಎಂದು ಆದೇಶ. ಕನ್ನಡದ ಮೂರೂ ಸಂಧಿಗಳು ಒಂದೇ ಸ್ಟಾಂಪ್ ಪೇಪರಿನಲ್ಲಿ ಸಿಗುವುದು ಇಲ್ಲಿ ಮಾತ್ರ.

ಪೂರ್ವಪಕ್ಷ

ಓನರುಗಳಿಗೆ ನಿಯಂತ್ರಣವೇ ಇಲ್ಲ ಎನ್ನುವುದು ಅಜ್ಞಾನ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ, ಅಷ್ಟೆ. ಈ ಮೊತ್ತಕ್ಕೆ ಏನು ಸಿಕ್ಕೀತೆಂದು ಬ್ರೋಕರನ್ನು ವಿಚಾರಿಸಲಾಗಿ, ‘ಕಾರ್ ಪಾರ್ಕಿಂಗಾ ಸಾರ್?’ ಎಂದ. ಅಂದರೆ ಕಾಯ್ದೆಯೂ ಒಂದು ಮನೆಯೇ. ಗಟ್ಟಿ ಕಟ್ಟಡ, ಒಳಗೆ ಯಾರೂ ಇಲ್ಲ. ದಲ್ಲಾಳಿಗಳು ನೋಂದಾಯಿಸಿಕೊಳ್ಳಬೇಕೆಂದೂ ಅದರಲ್ಲಿದೆ. ‘ನನ್ ನಂಬರ್ ಸೇವ್ ಮಾಡ್ಕೊಳ್ಳಿ, ಅದೇ ರಿಜಿಸ್ಟ್ರೇಷನ್ನು’ ಎಂದು ಅವನೇ ಭಾಷ್ಯ ಹೇಳಿದ. ಭಾಷ್ಯಕ್ಕೆ ದಕ್ಷಿಣೆ ಒಂದು ತಿಂಗಳ ಬಾಡಿಗೆ.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದೆನ್ನುತ್ತದೆ. ರಾಜ್ಯ ಅದನ್ನು ತನ್ನದಾಗಿಸಿಕೊಳ್ಳುವವರೆಗೆ ಮಾದರಿ ಬರೀ ಮಾದರಿಯೇ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದವರಿಗೆ ಇದನ್ನು ಓದಿ ಹೇಳಿದಾಗ, ‘ಹಾಗಾದ್ರೆ ಡೆಲ್ಲೀಲೇ ಮನೆ ನೋಡಿ’ ಎಂದರು.

ಪ್ರಯೋಗ

ಐದನೇ ಮನೆ ಖಾಲಿ ಮಾಡಿದ ದಿನ ಓನರು ಮೊಬೈಲ್ ಟಾರ್ಚ್ ಹಿಡಿದು, ಅಂಗೈಯಲ್ಲಿ ಗೋಡೆ ಸವರುತ್ತ ಬಂದರು. ಹಾಲ್‌ನ ಕ್ಯಾಲೆಂಡರ್ ಮೊಳೆಯ ಬಳಿ ಕೈ ನಿಂತಿತು. ಮೊಳೆಯ ತಲೆಗೆ ಎರಡು ಬಣ್ಣದ ಪೇಂಟು ಮೆತ್ತಿತ್ತು. ನನಗಿಂತ ಇಬ್ಬರು ಬಾಡಿಗೆದಾರರಷ್ಟು ಹಿರಿಯ ಮೊಳೆ. ‘ನೀವು ಬಂದಾಗ ಇದು ಇರ್ಲಿಲ್ಲ’ ಎಂದರು. ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಮರುವಾರ ಗ್ಯಾಸ್ ಪುಸ್ತಕ ತರಲು ಹೋದರೆ, ಹೊಸಬರ ಕ್ಯಾಲೆಂಡರು ಅದೇ ಗೋಡೆಯ ಅದೇ ಬಣ್ಣದ ಮೇಲೆ, ಅದೇ ಮೊಳೆಗೆ ತೂಗುತ್ತಿತ್ತು.

ಸಿದ್ಧಾಂತ

ಹಾಗಾದರೆ ಓನರನ್ನು ಕಟ್ಟಿಹಾಕುವ ಶಾಸನ ಯಾವುದೂ ಇಲ್ಲವೆ? ಒಂದಿದೆ, ಅದು ಪಂಚಾಂಗದಲ್ಲಿದೆ. ಏಳನೆಯ, ಅಂದರೆ ಈಗಿನ ಮನೆಯ ಓನರು ‘ಈ ತಿಂಗಳೇ ಬಿಡಿ’ ಎಂದು ಗೇಟಿನಲ್ಲಿ ನಿಂತು ಗದರುತ್ತಿದ್ದಾಗ, ಅವರ ತಾಯಿ ಮಹಡಿಯಿಂದ ಬಗ್ಗಿ, ‘ಆಷಾಢದಲ್ಲಿ ಯಾರಾದ್ರೂ ಮನೆ ಬಿಡಿಸ್ತಾರೇನೋ?’ ಎಂದರು. ವಕೀಲರಿಲ್ಲ, ವಾಯಿದೆಯಿಲ್ಲ, ತಡೆಯಾಜ್ಞೆ ಜಾರಿ. ಹೊಸಬರು ಹಾಲುಕ್ಕಿಸಲು ಬರುವುದೂ ಶ್ರಾವಣಕ್ಕೇ ಆದ್ದರಿಂದ ಮೇಲ್ಮನವಿಗೂ ಅವಕಾಶವಿರಲಿಲ್ಲ.

ಆದಕಾರಣ ಸರ್ಕಾರ ಹೊಸ ಕಾಯ್ದೆಯ ಕಷ್ಟ ತೆಗೆದುಕೊಳ್ಳಬೇಕಿಲ್ಲ. ಅಧಿಕಮಾಸ ಪ್ರತಿ ವರ್ಷವೂ, ಅದೂ ಆಷಾಢಕ್ಕೇ ಬರುವಂತೆ ಜ್ಯೋತಿಷಿಗಳೊಡನೆ ಒಂದು ಕರಾರು ಮಾಡಿಕೊಂಡರೆ ಸಾಕು. ಕರಾರು 11 ತಿಂಗಳದ್ದಾದರೂ ಅಡ್ಡಿಯಿಲ್ಲ.

ಉಪಸಂಹಾರ

ವಿಷಯವನ್ನು ಇನ್ನಷ್ಟು ವಿಸ್ತರಿಸುವ ಆಸೆಯಿತ್ತು. ಆದರೆ ನಾಳಿದ್ದು ಭೀಮನ ಅಮಾವಾಸ್ಯೆ. ಗೋಣಿಚೀಲ ಎಲ್ಲಿಟ್ಟಿದ್ದೇನೋ ಹುಡುಕಬೇಕು.